ಕಾರ್ಡಿನೊಳಗಿನ ಕನ್ನಡಕದ ಸ್ಕ್ರೂ

ಮನೆಯಿಂದ, ಅಡುಗೆಮನೆಯ ಮೇಜು
ಹದಿನಾಲ್ಕನೇ ತಾರೀಖು, ಭಾನುವಾರ ಬೆಳಿಗ್ಗೆ

ಪ್ರೀತಿಯ ತಮ್ಮಯ್ಯಾ,

ಹೇಗಿದ್ದೀಯ? ಶಾಸ್ತ್ರಕ್ಕೆ ಕೇಳುತ್ತಿಲ್ಲ, ನಿಜವಾಗಿ ಕೇಳುತ್ತಿದ್ದೇನೆ. ಊಟ ಸೇರುತ್ತಿದೆಯಾ, ನಿದ್ದೆ ಬರುತ್ತಿದೆಯಾ, ತಲೆನೋವು ಅಂದಿದ್ದೆಯಲ್ಲ, ಕಣ್ಣು ತೋರಿಸಿಕೊಂಡೆಯಾ? ಫೋನ್ ಮಾಡಿದರೆ ಎತ್ತುವುದಿಲ್ಲ. ಆಮೇಲೆ "ಕೆಲಸದಲ್ಲಿದ್ದೆ ಅಕ್ಕ, ಮಾಡ್ತೀನಿ" ಎಂದು ಒಂದು ಸಾಲು ಬರುತ್ತದೆ, ನೀನು ಮಾತ್ರ ಮಾಡುವುದಿಲ್ಲ. ಅಮ್ಮ ಹೋದ ಮೇಲೆ ನಿನ್ನನ್ನು ಬೈಯುವ ಕೆಲಸ ನನ್ನ ಪಾಲಿಗೆ ಬಂದಿದೆ, ಅದನ್ನು ಒಂದು ಸಾಲಿನಲ್ಲಿ ಮುಗಿಸುವ ಚಾಕಚಕ್ಯತೆ ನನಗಿಲ್ಲ. ಅದಕ್ಕೇ ಪೆನ್ನು ಹಿಡಿದು ಕೂತಿದ್ದೇನೆ. ಅಕ್ಕನ ಅಕ್ಷರ ಕೋಳಿ ಕೆದರಿದ ಹಾಗಿದೆ ಎಂದು ಆಡಿಕೊಳ್ಳುವುದಕ್ಕಾದರೂ ನೀನು ಕಾಗದವನ್ನು ಪೂರ್ತಿ ಓದುತ್ತೀಯ. ಪೂರ್ತಿ ಓದು. ನಿನ್ನ ವಿಷಯದಲ್ಲಿ ನನಗೆ ಭಯವಾಗಿದೆ ತಮ್ಮಯ್ಯಾ, ಯಾಕೆ ಎಂದು ಹೇಳಬೇಕಾದರೆ ಸ್ವಲ್ಪ ಸುತ್ತಿ ಬರಬೇಕು.

ಇಲ್ಲಿ ನಾವು ಮೂವರೂ ಚೆನ್ನಾಗಿದ್ದೇವೆ. ನಿನ್ನ ಭಾವನಿಗೆ ಬೆನ್ನು ಹಿಡಿದುಕೊಂಡಿತ್ತು, ಈಗ ಬಿಟ್ಟಿದೆ, ಗೊಣಗುವುದನ್ನು ಬಿಟ್ಟಿಲ್ಲ. ಕನ್ನಡಕದಂಗಡಿಯಲ್ಲಿ ಕೈತುಂಬ ಕೆಲಸ, ಗಾಜಿನ ಅಂಚು ಉಜ್ಜಿ ಉಜ್ಜಿ ನನ್ನ ಬೆರಳು ಒರಟಾಗಿ ಬಟ್ಟೆಗೆ ತಗಲಿದರೆ ನೂಲು ಏಳುತ್ತದೆ. ಮನೆಯಲ್ಲಿ ಈಗ ದೊಡ್ಡ ಸುದ್ದಿ ಎಂದರೆ ಪುಟ್ಟಿಯ ಕಂಪ್ಯೂಟರ್. ಅವಳು ಆಟ ಆಡುತ್ತಿದ್ದದ್ದು ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ, ಅದು ಇಸ್ತ್ರಿಪೆಟ್ಟಿಯಷ್ಟು ಕಾದು, ನೀವಿಬ್ಬರೂ ಸೇರಿ ಕಟ್ಟಿದ ಆ ನದಿ ದಡದ ಊರು ಪರದೆಯ ಮೇಲೆ ಕುಂಟಿಕೊಂಡು ಓಡುತ್ತಿತ್ತು. ಮಾಮನ ಜೊತೆ ಸರಿಸಮ ಆಡಬೇಕು, ನನಗೂ ಒಂದು ಗೇಮಿಂಗ್ ಕಂಪ್ಯೂಟರ್ ಬೇಕು ಎಂದು ನಮ್ಮ ತಲೆ ತಿಂದಳು. ಕೊನೆಗೆ ಭಾವ ತಮ್ಮ ಹಳೇ ಸ್ಕೂಟರ್ ಮಾರಿದರು. "ಸ್ಕೂಟರಿನ ದುಡ್ಡಲ್ಲಿ ಏನು ಬರುತ್ತೋ ಅಷ್ಟೇ" ಎಂದು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದರು.

ಆ ಆಟದ ಊರಿನ ವಿಷಯ ಮೊದಲು ಹೇಳಿಬಿಡುತ್ತೇನೆ. ಹೋದ ತಿಂಗಳು ಪುಟ್ಟಿ ಕುಣಿದುಕೊಂಡು ಬಂದು, ಮಾಮ ತನ್ನ ಬೆಟ್ಟದ ಮೇಲಿನ ಮನೆ, ಕುದುರೆ, ದೋಣಿ, ಕತ್ತಿ ಎಲ್ಲವನ್ನೂ ನನಗೇ ಕೊಟ್ಟುಬಿಟ್ಟ ಎಂದಳು. "ನಾನು ಸ್ವಲ್ಪ ದಿನ ಬರಲ್ಲ ಪುಟ್ಟಿ, ಎಲ್ಲಾ ನೀನೇ ನೋಡ್ಕೋ" ಅಂದೆಯಂತೆ. ನಾನು ಪಾತ್ರೆ ತೊಳೆಯುತ್ತಾ, ನಿನ್ನ ಮಾಮ ಇರೋದೇ ಹಾಗೆ, ಕೊಟ್ಟರೆ ಕೈ ಲೆಕ್ಕ ಇಡಲ್ಲ ಎಂದು ನಕ್ಕೆ. ಆವತ್ತು ನಕ್ಕಿದ್ದಕ್ಕೆ ಈಗ ನನ್ನನ್ನೇ ಬೈದುಕೊಳ್ಳುತ್ತಿದ್ದೇನೆ.

ಬಿಡಿಭಾಗ ಆರಿಸುವುದು ಎಂದರೆ ಮದುವೆಗೆ ಹೆಣ್ಣು ನೋಡುವುದಕ್ಕಿಂತ ಕಷ್ಟ ಎಂದು ನನಗೆ ಗೊತ್ತಿರಲಿಲ್ಲ. ಪುಟ್ಟಿ ನಿನ್ನ ಹಳೇ ಮಾತುಗಳನ್ನೇ ಕಾನೂನು ಮಾಡಿಕೊಂಡು ಕೂತಿದ್ದಳು. "ಮೊದಲು ಚಿತ್ರ ಮೂಡಿಸೋ ಗ್ರಾಫಿಕ್ಸ್ ಕಾರ್ಡು, ಆಮೇಲೆ ಪ್ರೊಸೆಸರ್, ಬಣ್ಣದ ಲೈಟು ಕೊಟ್ಟಕೊನೆಗೆ. ಪವರ್ ಸಪ್ಲೈ ವಿಷಯದಲ್ಲಿ ಮಾತ್ರ ಜಿಪುಣತನ ಮಾಡಿದ್ರೆ ಎಲ್ಲಾ ಸುಟ್ಟು ಹೋಗುತ್ತೆ." ಭಾವನಿಗೆ ಬೇಕಾಗಿದ್ದದ್ದು ಒಂದು ಪಕ್ಕ ಗಾಜಿದ್ದು ಒಳಗೆ ಬಣ್ಣಬಣ್ಣದ ಬೆಳಕು ಸುತ್ತುವ ಡಬ್ಬ, ಸ್ಕೂಟರ್ ಕಳೆದುಕೊಂಡವನಿಗೆ ಏನಾದರೂ ಕಣ್ಣಿಗೆ ಕಾಣಬೇಡವೇ ಎಂದು ಅವರ ವಾದ. ಪುಟ್ಟಿ ಅವರನ್ನು ಎದುರಿಗೆ ಕೂರಿಸಿಕೊಂಡು, ಲೈಟಿನ ದುಡ್ಡಿನಲ್ಲಿ ಇನ್ನೊಂದು ಮೆಮೊರಿ ಪಟ್ಟಿ ಬರುತ್ತದೆ ಎಂದು ಪಾಠ ಮಾಡಿದಳು. ಡಬ್ಬ ಕೊನೆಗೆ ಮುಚ್ಚಿಹೋದ ಒಂದು ಆಫೀಸಿನ ಗುಜರಿಯಿಂದ ಬಂತು, ಬೂದು ಬಣ್ಣದ್ದು, ಒಂದು ಮೂಲೆ ನೆಗ್ಗಿದ್ದು. ಪ್ರೊಸೆಸರ್ ಮಾತ್ರ ಹೊಸದು, ಆದರೆ ಹೋದ ಪೀಳಿಗೆಯದು, ಹೊಸ ಮಾದರಿ ಬಂದ ಮೇಲೆ ಅಂಗಡಿಯವರು ತಳ್ಳಿಹಾಕಲು ಇಟ್ಟಿದ್ದು. ಮದರ್‌ಬೋರ್ಡು ಅದಕ್ಕೆ ಹೊಂದುವ ಅತಿ ಸಾದಾ ಬೋರ್ಡು. ಮಿಕ್ಕದ್ದೆಲ್ಲ ಸೆಕೆಂಡ್ ಹ್ಯಾಂಡ್ ಎಂದು ತೀರ್ಮಾನವಾಯಿತು.

ಇಷ್ಟರ ನಡುವೆ ಅವಳು ನಿನಗೆ ಉದ್ದಕ್ಕೆ ಪ್ರಶ್ನೆ ಕಳಿಸಿದ್ದಳು, ಯಾವ ಮೆಮೊರಿ, ಎಷ್ಟು ವಾಟಿನ ಸಪ್ಲೈ, ಯಾವ ಕಾರ್ಡು ಎಂದು. ನೀನು "ಯಾವುದಾದ್ರೂ ಆಗುತ್ತೆ ಪುಟ್ಟಿ" ಎಂದೆ. ಪ್ರೊಸೆಸರಿನ ಮೇಲೆ ಶಾಖ ಇಳಿಸುವ ಪೇಸ್ಟನ್ನು ಬಟಾಣಿಯಷ್ಟು ಹಾಕಬೇಕೋ ಗೆರೆ ಎಳೆಯಬೇಕೋ ಎಂದು ಮುಕ್ಕಾಲು ಗಂಟೆ ಭಾವನ ಜೊತೆ ಜಗಳ ಕಾದವನು ನೀನು. ಯಾವುದಾದರೂ ಆಗುತ್ತೆ ಎನ್ನುವ ಮಾತು ನಿನ್ನ ಬಾಯಲ್ಲಿ ನಾನು ಯಾವತ್ತೂ ಕೇಳಿಲ್ಲ. ಪುಟ್ಟಿ ಮುಖ ಸಣ್ಣ ಮಾಡಿಕೊಂಡು, ಮಾಮನ ಹತ್ತಿರ ಯಾವ ಕಾರ್ಡಿದೆಯೋ ನನಗೂ ಅದೇ ಬೇಕು ಎಂದಳು.

ಸರಿ, ಹಳೇ ಸಾಮಾನು ಮಾರುವ ಆ ಸೈಟಿನಲ್ಲಿ ಭಾವನ ಫೋನಿನಿಂದ ಒಂದು ಖಾತೆ ತೆರೆದೆವು. ಪುಟ್ಟಿ ಅದಕ್ಕೆ 'ಕಪ್ಪೆಚಿಪ್ಪು' ಎಂದು ಹೆಸರಿಟ್ಟಳು. ಅಲ್ಲಿ ಯಾರೂ ಸ್ವಂತ ಹೆಸರಲ್ಲಿ ಇರುವುದಿಲ್ಲವಂತೆ, ಸಾಮಾನು ಸೈಟಿನವರ ಕೈಯಿಂದಲೇ ಬರುತ್ತದೆ, ಪೊಟ್ಟಣದ ಮೇಲೂ ಬರೀ ಒಂದು ನಂಬರು. ಮೆಮೊರಿ ಹುಡುಕುವಾಗ 'ದಾರಿಹೋಕ' ಎನ್ನುವವನೊಬ್ಬ ಸಿಕ್ಕಿದ. ಬೇರೆಯವರು ಹೇಳುವ ಬೆಲೆಗಿಂತ ಅವನದು ಎಷ್ಟೋ ಕಡಿಮೆ. ಅಷ್ಟು ಕಡಿಮೆಯಿದ್ದರೂ ನಾನು ಬಿಡಲಿಲ್ಲ, ನನ್ನ ಗುಣ ನಿನಗೆ ಗೊತ್ತೇ ಇದೆ, ಇನ್ನೂ ಇಳಿಸಿ ಎಂದು ಬರೆದೆ. "ಆಯ್ತು, ತಗೊಳ್ಳಿ" ಎಂದು ಬಂತು. ವಾರ ಕಳೆದು ಅವನೇ ಪವರ್ ಸಪ್ಲೈ ಮಾರಾಟಕ್ಕೆ ಇಟ್ಟ. ಮತ್ತೆ ಇಳಿಸಿ ಎಂದೆ. ಮತ್ತೆ "ಆಯ್ತು, ತಗೊಳ್ಳಿ." ಇಷ್ಟು ಸುಲಭಕ್ಕೆ ಸೋಲುವವರನ್ನು ನಾನು ಸಂತೆಯಲ್ಲೂ ಕಂಡಿಲ್ಲ ಎಂದು ಮನೆಯವರ ಮುಂದೆಲ್ಲ ಬೀಗಿದೆ. ಭಾವನಿಗೆ ಅನುಮಾನ, ಇಷ್ಟು ಒಳ್ಳೆಯ ಸಾಮಾನು ಯಾಕೆ ಮಾರುತ್ತಾನೆ, ಕದ್ದದ್ದಿರಬಹುದು, ಕೇಳು ಎಂದರು. ಕೇಳಿದೆ. "ಇನ್ನು ಬೇಕಾಗಲ್ಲ" ಎಂದು ಉತ್ತರ ಬಂತು. ಹೊಸದು ತಗೊಂಡಿರಬೇಕು ಎಂದುಕೊಂಡೆವು.

ಹಾಗಾದರೆ ಕಾರ್ಡೂ ಇದೆಯಾ ಎಂದು ನಾನೇ ಕೇಳಿದೆ, ಮಾದರಿಯ ಹೆಸರು ಪುಟ್ಟಿ ಹೇಳಿಕೊಟ್ಟಳು. ಅದನ್ನು ಅವನು ಮಾರಾಟಕ್ಕೆ ಇಟ್ಟಿರಲಿಲ್ಲ. ಎರಡು ದಿನ ಸದ್ದಿಲ್ಲ. ಮೂರನೇ ದಿನ ಸಂಜೆ ಬಂತು, "ಇದೆ. ಅದನ್ನೂ ತಗೊಳ್ಳಿ." ಆ ಎರಡು ದಿನ ಅವನು ಏನು ಯೋಚಿಸುತ್ತಾ ಕೂತಿದ್ದ ಎಂದು ನಿನ್ನೆಯಿಂದ ನನ್ನ ತಲೆಯಲ್ಲಿ ಅದೇ ಸುತ್ತುತ್ತಿದೆ.

ನಿನ್ನೆ ಮಧ್ಯಾಹ್ನ ಕೊರಿಯರ್ ಅಂಗಡಿಯಿಂದ ಕಾರ್ಡು ತಂದೆವು. ಹಳೇ ಟವೆಲಿನಲ್ಲಿ ಮಗುವನ್ನು ಸುತ್ತಿದ ಹಾಗೆ ಸುತ್ತಿತ್ತು. ಮೇಜಿನ ಮೇಲೆ ಬಟ್ಟೆ ಹಾಸಿ, ಧೂಳು ಹೊಡೆಯೋಣವೆಂದು ನಾನು ಅಂಗಡಿಯ ಸಣ್ಣ ಸ್ಕ್ರೂಡ್ರೈವರ್ ತಂದು ಕಾರ್ಡನ್ನು ಬೋರಲು ಹಾಕಿದೆ. ಫ್ಯಾನಿನ ಮುಚ್ಚಳ ಹಿಡಿದಿರುವ ಸ್ಕ್ರೂಗಳೆಲ್ಲ ಕಪ್ಪು. ಮೂಲೆಯ ಒಂದು ಮಾತ್ರ ಬೆಳ್ಳಿ ಬಣ್ಣದ್ದು, ತಲೆಯ ಮೇಲೆ ಮೆರೂನ್ ಉಗುರುಬಣ್ಣದ ಒಂದು ಹನಿ.

ನಿನಗೆ ನೆನಪಿದೆಯಲ್ಲ. ನೀನು ಈ ಮನೆ ಬಿಟ್ಟು ಹೊರಡುವ ಹಿಂದಿನ ದಿನ ಕಾರ್ಡಿನ ಫ್ಯಾನು ಕಿರುಚುತ್ತಿದೆ ಎಂದು ಬಿಚ್ಚಿದೆ, ಒಂದು ಸ್ಕ್ರೂ ಉರುಳಿ ಬಚ್ಚಲ ಕಿಂಡಿಗೆ ಹೋಯಿತು. ನೀನು ತಲೆ ಮೇಲೆ ಕೈಹೊತ್ತು ಕೂತೆ. ದಪ್ಪ ಫ್ರೇಮಿನ ಕನ್ನಡಕಕ್ಕೆ ಹಾಕುವ ಸ್ಕ್ರೂ ಒಂದನ್ನು ನಾನೇ ನನ್ನ ಡಬ್ಬಿಯಿಂದ ತಂದು ಕೂರಿಸಿದೆ. ಅದು ಒಂದು ಕೂದಲೆಳೆ ಸಡಿಲ. ಸಡಿಲ ಸ್ಕ್ರೂಗೆ ನಾವು ಅಂಗಡಿಯಲ್ಲಿ ಉಗುರುಬಣ್ಣ ಬಿಡುತ್ತೇವೆ, ಒಣಗಿದ ಮೇಲೆ ಅಲ್ಲಾಡುವುದಿಲ್ಲ. "ನನ್ನ ಕಾರ್ಡಿಗೆ ಶೃಂಗಾರ ಮಾಡ್ಬಿಟ್ಟೆಯಲ್ಲ ಅಕ್ಕ" ಎಂದು ನೀನು ನಕ್ಕಿದ್ದೆ. ಕನ್ನಡಕದ ದಪ್ಪ ಗಾಜಿನ ಹಿಂದೆ ನಿನ್ನ ಕಣ್ಣು ನಗುವಾಗ ತಟ್ಟೆಯಷ್ಟಗಲ ಆಗುತ್ತದೆ, ಅದೂ ನನಗೆ ಹಾಗೇ ನೆನಪಿದೆ.

ಕನ್ನಡಕದ ಸ್ಕ್ರೂ ಹಾಕಿದ ಕಾರ್ಡು ಲೋಕದಲ್ಲಿ ಇನ್ನೊಂದು ಇರಲಾರದು. ಸ್ಕ್ರೂಡ್ರೈವರ್ ಕೆಳಗಿಟ್ಟು ಕಣ್ಣೊರೆಸಿಕೊಂಡೆ. ಪುಟ್ಟಿ ಏನಾಯ್ತಮ್ಮ ಎಂದಾಗ, ಏನಿಲ್ಲ, ಧೂಳು ಕಣ್ಣಿಗೆ ಬಿತ್ತು ಎಂದೆ. ನಾನು ಚೌಕಾಸಿ ಮಾಡಿ ಬೆಲೆ ಇಳಿಸಿದ್ದು ನಿನ್ನ ಹತ್ತಿರ. ಒಂದು ಮೌಸಿನ ಪ್ಯಾಡಿಗೆ ಮೂರಂಗಡಿ ಸುತ್ತಿ, ಮಾಲೀಕನಿಗೆ ಟೀ ಕುಡಿಸಿ, ಕೊನೆಗೆ ಅರ್ಧ ಬೆಲೆಗೆ ತರುತ್ತಿದ್ದವನು ನೀನು. ಅಂಥವನು ಒಂದು ಮಾತೂ ಎದುರಾಡದೆ ಆಯ್ತು ತಗೊಳ್ಳಿ ಎಂದು ಕೊಟ್ಟುಬಿಟ್ಟಿದ್ದೀಯ.

ಆಮೇಲೆ ದಾರಿಹೋಕ ಇನ್ನೂ ಏನೇನು ಇಟ್ಟಿದ್ದಾನೆ ಎಂದು ಭಾವನೂ ನಾನೂ ಕೂತು ನೋಡಿದೆವು. ಮಾನಿಟರ್ ಹೋಗಿದೆ, ಕುರ್ಚಿ ಹೋಗಿದೆ, ಕೀಬೋರ್ಡು ಹೋಗಿದೆ. ಅಷ್ಟಾದರೆ ದುಡ್ಡಿಗೆ ಕೈ ಕಟ್ಟಿದೆ, ಮಾರುತ್ತಿದ್ದಾನೆ ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಅಲ್ಲಿಂದ ಮುಂದೆ ಬೆಲೆಯೇ ಇಲ್ಲ. ಅಲಾರಂ ಗಡಿಯಾರ, ಉಚಿತ. ನೀರು ಕಾಯಿಸುವ ಕೆಟಲ್, ಉಚಿತ. ಹೊದಿಕೆ, ಕೊಡೆ, ಹೊಸ ಬೂಟು, ಬಂದು ತಗೊಂಡು ಹೋಗಿ. ದುಡ್ಡಿಗೆ ಕಷ್ಟವಾದವನು ಬೂಟನ್ನು ಮಾರುತ್ತಾನೆ, ಸುಮ್ಮನೆ ಕೊಡುವುದಿಲ್ಲ. ಭಾವ ಗೊಣಗದೆ ಫೋನ್ ತಂದು ನನ್ನ ಕೈಗೆ ಕೊಟ್ಟರು.

ನಿನ್ನ ಮನೆಯ ಓನರಮ್ಮನಿಗೆ ಫೋನ್ ಮಾಡಿದೆ. ಕಟ್ಟಡಗಳ ಚಿತ್ರ ಬರೆಯುವ ನಿನ್ನ ಆಫೀಸು ಮುಚ್ಚಿ ಬಹಳ ದಿನವಾಯಿತಂತೆ. ಕೆಲಸದಲ್ಲಿದ್ದೆ ಅಕ್ಕ ಎಂದು ನೀನು ಬರೆದದ್ದೆಲ್ಲ ಯಾವ ಕೆಲಸವಪ್ಪಾ? ಅವರು ತುಂಬ ಸಂತೋಷದಲ್ಲೇ ಹೇಳಿದರು, "ಬಾಡಿಗೆ ಎಲ್ಲಾ ಚುಕ್ತಾ ಮಾಡಿದಾರೆ ಕಣ್ರೀ, ಮುಂದಿನ ಭಾನುವಾರ ಖಾಲಿ ಮಾಡ್ತಾರಂತೆ. ನಿಮ್ಮನೆಗೇ ಬರ್ತಾರಂತಲ್ಲ." ನಾನು ಹೂಂ ಎಂದೆ. ನೀನು ಬರುವ ಸುದ್ದಿ ನನಗೆ ಗೊತ್ತಿಲ್ಲ ಎಂದು ಹೇಳಲು ಬಾಯಿ ಬರಲಿಲ್ಲ. ಅವರ ಕೈಯಲ್ಲಿ ಬಾಗಿಲು ತಟ್ಟಿಸಿದೆ. ಒಳಗಿನಿಂದಲೇ "ಚೆನ್ನಾಗಿದೀನಿ, ಮಲಗಿದ್ದೆ" ಅಂದೆಯಂತೆ.

ಅಕ್ಕನ ಮನೆಗೆ ಹೋಗುತ್ತೇನೆ ಎಂದು ಹೇಳಿದ್ದೀಯಲ್ಲ, ಅದು ಸುಳ್ಳಾದರೂ ನಿನ್ನ ಬಾಯಿಗೆ ಬಂದದ್ದು ಈ ಮನೆಯೇ. ಆ ಒಂದು ಮಾತನ್ನು ರಾತ್ರಿಯಿಡೀ ಗಟ್ಟಿಯಾಗಿ ಹಿಡಿದುಕೊಂಡಿದ್ದೇನೆ. ಆ ಸುಳ್ಳನ್ನು ನಿಜ ಮಾಡು. ಮುಂದಿನ ಕೋಣೆ ಖಾಲಿ ಮಾಡಿಸಿದ್ದೇನೆ, ಹಾಸಿಗೆ ಬಿಸಿಲಿಗೆ ಹಾಕಿದ್ದೇನೆ. ಕೆಲಸ ಹೋದರೆ ಹೋಯಿತು. ಭಾವ ಹೋದ ಸಲ ಕೆಲಸ ಕಳೆದುಕೊಂಡಾಗ ಆರು ತಿಂಗಳು ಈ ಮೇಜಿನ ಮುಂದೆ ಕೂತು ನನ್ನ ಅಡುಗೆಗೆ ಹೆಸರಿಟ್ಟರು, ನಾನು ಅವರನ್ನೇನು ಹೊರಗೆ ಹಾಕಿದೆನೇ? ನಿನ್ನ ಸಾಮಾನು ಅರ್ಧ ಹೇಗೂ ಇಲ್ಲಿಗೇ ಬಂದಿದೆ. ಉಳಿದದ್ದು ನೀನೊಬ್ಬನೇ.

ಕಪ್ಪೆಚಿಪ್ಪು ನಾನೇ ಕಣೋ ಎಂದು ಆ ಸೈಟಿನಲ್ಲೇ ಬರೆದುಬಿಡಬಹುದಿತ್ತು. ಭಾವ ತಡೆದರು. ಗೊತ್ತಾದರೆ ನಾಚಿಕೊಂಡು ಆ ಕಿಂಡಿಯನ್ನೂ ಮುಚ್ಚಿಬಿಟ್ಟಾನು, ಈಗ ಅವನು ಉತ್ತರ ಕೊಡುತ್ತಿರುವುದು ಗುರುತಿಲ್ಲದವರಿಗೆ ಮಾತ್ರ ಎಂದರು. ಅದು ನಿಜ. ಸ್ವಂತ ಅಕ್ಕನ ಫೋನು ಎತ್ತದವನು ಕಪ್ಪೆಚಿಪ್ಪಿಗೆ ತಪ್ಪದೆ ಉತ್ತರ ಬರೆಯುತ್ತೀಯ. ಹಾಗಾಗಿ ಈ ಕಾಗದವನ್ನು ಕೊರಿಯರ್ ಅಂಗಡಿ ತೆಗೆದ ಕೂಡಲೇ ಹಾಕಿ, ನಾಳೆ ರಜೆ ಕೇಳಿಕೊಂಡು ಹಿಂದೆಯೇ ನಾನೂ ಬರೋಣವೆಂದು

ಬರೆಯುವುದು ಅಲ್ಲಿಗೇ ನಿಂತಿತು. ಪುಟ್ಟಿ ಫೋನ್ ಹಿಡಿದುಕೊಂಡು ಓಡಿ ಬಂದಳು. ದಾರಿಹೋಕ ಈಗ ತಾನೇ ಹೊಸದಾಗಿ ಒಂದು ಸಾಮಾನು ಇಟ್ಟಿದ್ದಾನೆ ಎಂದಳು, ಅವಳಿಗೆ ಪಾಪ ಅವನು ಯಾರೆಂದು ಗೊತ್ತಿಲ್ಲ. ಅಮ್ಮ ನಿನ್ನ ಅಂಗಡಿಗೆ ಆಗುತ್ತೆ ನೋಡು ಎಂದಳು. "ಕನ್ನಡಕ, ಎರಡು ಜೊತೆ. ಪ್ಲಸ್ ಪವರ್, ದಪ್ಪ ಗಾಜು. ಬೇಕಾದವರಿಗೆ ಉಚಿತ."

ಎರಡೂ ಜೊತೆ ನಾನು ಮಾಡಿದ್ದು. ಅಂಚು ಉಜ್ಜಿ ಫ್ರೇಮಿಗೆ ಕೂರಿಸಿದ್ದು ನಾನು, ಒಂದು ಒಡೆದರೆ ಇನ್ನೊಂದಿರಲಿ ಎಂದು ಬಲವಂತವಾಗಿ ನಿನ್ನ ಚೀಲಕ್ಕೆ ತುರುಕಿದ್ದೂ ನಾನು. ಚಿಕ್ಕವನಿದ್ದಾಗ ಎರಡೂ ಕಣ್ಣಿನ ಪೊರೆ ತೆಗೆಸಿದ ಮೇಲೆ ನಿನಗೆ ಆ ಗಾಜಿಲ್ಲದೆ ದೂರದ್ದೂ ಮಸುಕು, ಹತ್ತಿರದ್ದು ಇನ್ನೂ ಮಸುಕು. ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಗೋಡೆಗೆ ಢಿಕ್ಕಿ ಹೊಡೆಯುತ್ತಿದ್ದೆ. ಹೊಸ ಕಂಪ್ಯೂಟರ್ ತಗೊಳ್ಳುವವನು ಹಳೆಯದನ್ನು ಮಾರುತ್ತಾನೆ, ಊರು ಬಿಡುವವನು ಕೆಟಲ್ ಕೊಡುತ್ತಾನೆ. ಎರಡು ಜೊತೆ ಕನ್ನಡಕವನ್ನೂ ಕೊಡುವವನಿಗೆ ಇನ್ನು ನೋಡಬೇಕಾದ್ದು ಏನೂ ಉಳಿದಿಲ್ಲ ಎಂದರ್ಥ. ಈ ಕಸುಬಿನಲ್ಲಿ ಇಷ್ಟು ವರ್ಷ ಇದ್ದೇನೆ, ಕನ್ನಡಕ ಹಿಂದಿರುಗಿಸಲು ನಮ್ಮ ಅಂಗಡಿಗೆ ಬರುವವರು ಯಾರೆಂದು ನನಗೆ ಗೊತ್ತು. ತೀರಿಹೋದವರ ಮನೆಯವರು ಬರುತ್ತಾರೆ.

ಪುಟ್ಟಿಯ ಕೈಯಿಂದ ಫೋನ್ ತಗೊಂಡು ಭಾವ ಬರೆದರು. ಆ ಕನ್ನಡಕ ನಮಗೆ ಬೇಕೇ ಬೇಕು, ಖುದ್ದಾಗಿ ಬಂದು ನಿಮ್ಮ ಕೈಯಿಂದಲೇ ತಗೊಳ್ಳುತ್ತೇವೆ, ನಾವು ಬರುವ ತನಕ ಯಾರಿಗೂ ಕೊಡಬೇಡಿ, ನೀವು ಮನೆಯಲ್ಲೇ ಇರಿ ಎಂದು. ನಿನ್ನ ವಿಳಾಸದ ಜೊತೆ ಉತ್ತರ ಕೂಡಲೇ ಬಂತು. "ಸಂಜೆವರೆಗೆ ಇರ್ತೀನಿ. ಆಮೇಲೆ ಬಾಗಿಲ ಹೊರಗೆ ಇಟ್ಟಿರ್ತೀನಿ."

ಓನರಮ್ಮನಿಗೆ ಈಗ ಎಲ್ಲ ಬಾಯಿಬಿಟ್ಟು ಹೇಳಿದ್ದೇನೆ. ಆಗಾಗ ಏನಾದರೂ ನೆಪ ಮಾಡಿಕೊಂಡು ಬಾಗಿಲು ತಟ್ಟುತ್ತಿರುತ್ತೇನೆ, ಮಾತಾಡಿಸುತ್ತಿರುತ್ತೇನೆ ಎಂದಿದ್ದಾರೆ. ಪುಟ್ಟಿಯನ್ನು ಪಕ್ಕದ ಮನೆಯಲ್ಲಿ ಬಿಡುತ್ತಿದ್ದೇವೆ. ಮಧ್ಯಾಹ್ನದ ರೈಲು ಸಿಕ್ಕಿದರೆ ಬೆಳಕಿರುವಾಗಲೇ ಅಲ್ಲಿರುತ್ತೇವೆ. ಈ ಕಾಗದ ಹಾಕುವುದಿಲ್ಲ, ಜೊತೆಯಲ್ಲೇ ತರುತ್ತೇನೆ. ಬೈಯುವುದು ಬೇಕಾದಷ್ಟಿದೆ, ಅದನ್ನು ಎದುರಿಗೇ ಬೈಯುತ್ತೇನೆ, ನೀನು ತಲೆ ತಗ್ಗಿಸಿ ಕೇಳಿಸಿಕೊಳ್ಳಬೇಕು. ಭಾವ ನಿನ್ನ ತಲೆ ಸವರಿದ್ದೇನೆ ಎಂದು ಬರೆಯಲು ಹೇಳಿದರು. ಪುಟ್ಟಿ ಮಾಮನಿಗೆ ಮುತ್ತು ಕೊಟ್ಟಿದ್ದಾಳೆ. ನೂರು ಕಾಲ ಬಾಳಪ್ಪ ಎಂದು ಬರೆಯುವಾಗ ಇಷ್ಟು ಒತ್ತಿ ಬರೆದದ್ದು ನನ್ನ ಆಯುಸ್ಸಿನಲ್ಲೇ ಇಲ್ಲ, ಕಾಗದ ತೂತಾಗಿದೆ ನೋಡು.

ನಿನ್ನ
ಅಕ್ಕ

ಮರೆತ ಮಾತು: ನಿನ್ನ ಬಾಗಿಲ ಮುಂದಿನ ಮೆಟ್ಟಿಲ ಮೇಲೆ ಕೂತು, ಮೊಣಕಾಲ ಮೇಲೆ ಕಾಗದ ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ರೈಲು ದಾರಿಯಲ್ಲಿ ನಿಂತುಬಿಟ್ಟಿತು, ನಾವು ಬರುವಷ್ಟರಲ್ಲಿ ದೀಪ ಹಚ್ಚುವ ಹೊತ್ತಾಯಿತು. ಬಾಗಿಲ ಹೊರಗೆ ಪೊಟ್ಟಣ ಇಟ್ಟಿದ್ದೀಯ, ಎರಡೂ ಜೊತೆ ಒರೆಸಿ ಟವೆಲಿನಲ್ಲಿ ಸುತ್ತಿದ್ದೀಯ. ತಟ್ಟಿ ತಟ್ಟಿ ನನ್ನ ಕೈ ಕೆಂಪಾಗಿದೆ, ನೀನು ಮಾತಾಡುತ್ತಿಲ್ಲ. ಓನರಮ್ಮ ಸ್ವಲ್ಪ ಹೊತ್ತಿನ ಮುಂಚೆ ಕರೆದಾಗ ಹೂಂ ಅಂದಿದ್ದೆಯಂತೆ. ಅವರ ಹತ್ತಿರವಿರುವ ಇನ್ನೊಂದು ಬೀಗದಕೈ ತರಲು ಭಾವ ಕೆಳಗೆ ಹೋಗಿದ್ದಾರೆ. ಬಾಗಿಲ ಕೆಳಗೆ ಬೆಳಕಿನ ಗೆರೆಯೊಂದು ಕಾಣುತ್ತಿದೆ. ಈಗಷ್ಟೇ ಆ ಗೆರೆ ನಡುವೆ ಕತ್ತಲಾಗಿ ಮತ್ತೆ ಕೂಡಿಕೊಂಡಿತು, ನೀನು ಬಾಗಿಲ ಹತ್ತಿರವೇ ಬಂದಿದ್ದೀಯ. ಕಪ್ಪೆಚಿಪ್ಪು ನಾನೇ ಕಣಪ್ಪಾ, ನಿನ್ನ ಅಕ್ಕ. ಕನ್ನಡಕವಿಲ್ಲದೆ ನೀನು ಇದರಲ್ಲಿ ಒಂದಕ್ಷರವನ್ನೂ ಓದಲಾರೆ ಎಂದು ನನಗೆ ಗೊತ್ತು, ಅದಕ್ಕೆ ಎಲ್ಲವನ್ನೂ ಬಾಯಲ್ಲೂ ಹೇಳುತ್ತಿದ್ದೇನೆ. ಕಾಗದವನ್ನು ಬಾಗಿಲ ಕೆಳಗಿನಿಂದ ತಳ್ಳುತ್ತೇನೆ, ಈ ತುದಿ ನನ್ನ ಕೈಯಲ್ಲೇ ಇರುತ್ತದೆ. ಓದಬೇಕಾಗಿಲ್ಲ, ಮಾತಾಡಬೇಕಾಗಿಲ್ಲ. ಆ ತುದಿ ಹಿಡಿದು ಒಂದು ಸಲ ಎಳೆ, ನನಗೆ ಗೊತ್ತಾಗುತ್ತದೆ.